ಅತ್ತೆಯ ನಾಲ್ಕು ತಲೆಮಾರು

ನಮ್ಮ ಮನೆಯಲ್ಲಿ ಐದು ಜನ ಇದ್ದೇವೆಂದು ರೇಷನ್ ಕಾರ್ಡು ಹೇಳುತ್ತದೆ. ಶುದ್ಧ ಸುಳ್ಳು! ನನ್ನ ಸೋದರತ್ತೆ ಓದುವ ಕಾದಂಬರಿಗಳ ನಾಲ್ಕು ತಲೆಮಾರಿನ ಮಂದಿಯೂ ಹಾವೇರಿಯ ಈ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಅವರು ರೊಟ್ಟಿ ತಿನ್ನುವುದಿಲ್ಲ ಎಂಬುದೊಂದೇ ಸಮಾಧಾನ.

ಅತ್ತೆ ನನ್ನ ಅಪ್ಪನ ತಂಗಿ. ಅಗಡಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ದಿನಾ ಬಸ್ಸಿನಲ್ಲಿ ಓದುತ್ತಾ ಹೋಗುತ್ತಿದ್ದರು; ಓದಿನ ಭರದಲ್ಲಿ ಅಗಡಿ ದಾಟಿ ಮುಂದಿನ ಊರಿನಲ್ಲಿ ಇಳಿದದ್ದೂ ಉಂಟು. ಮದುವೆ ಆಗಲಿಲ್ಲ. ಯಾಕೆಂದು ಕೇಳಿದರೆ, "ಪುರಸೊತ್ತ ಎಲ್ಲಿತ್ತೋ? ಕೈಯಾಗಿನ ಪುಸ್ತಕ ಮುಗೀಲೇ ಇಲ್ಲ" ಅನ್ನುತ್ತಿದ್ದರು. ನಾವೂ ನಂಬಿದ್ದೆವು. ಕೈಯಲ್ಲಿ ಪುಸ್ತಕವಿಲ್ಲದ ಅತ್ತೆಯನ್ನು ಯಾರಾದರೂ ನೋಡಿದ್ದರೆ ತಾನೆ ಅನುಮಾನ ಬರುವುದು!

ಅದರಲ್ಲೂ ಸಣ್ಣ ಪುಸ್ತಕ ಅವರಿಗೆ ಆಗಿಬರುವುದಿಲ್ಲ. ಅಜ್ಜನಿಂದ ಹಿಡಿದು ಮರಿಮೊಮ್ಮಗಳವರೆಗೆ ಎಲ್ಲರೂ ಇರಬೇಕು, ಪುಸ್ತಕ ತಲೆದಿಂಬಿನಷ್ಟು ದಪ್ಪ ಇರಬೇಕು. "ಪ್ರೀತಿ ಅನ್ನೂದು ಒಂದ ತಲೆಮಾರಿನಾಗ ತಿಳಿಯೂದಿಲ್ಲೋ. ಅಜ್ಜ ನುಂಗಿಕೊಂಡಿದ್ದನ್ನ ಮೊಮ್ಮಗ ಬಾಯಿಬಿಟ್ಟು ಹೇಳತಾನ" ಎಂಬುದು ಅವರ ಸಿದ್ಧಾಂತ.

ಒಂದು ಮುಂಜಾನೆ ಅತ್ತೆ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಶಾಂತವ್ವ ಓಡಿ ಬಂದಳು.

"ಏನಾತ್ರಿ ಅಕ್ಕಾರ?"

"ಗಿರಿಜಾ ಹೋದ್ಲು."

"ಅಯ್ಯೋ ಶಿವನ! ವಯಸ್ಸೆಷ್ಟರಿ?"

"ಇನ್ನೂ ಇಪ್ಪತ್ತೂ ತುಂಬಿರಲಿಲ್ಲ. ಅವನ ಮದವಿ ಸುದ್ದಿ ಕೇಳಿ ಹಾಸಿಗಿ ಹಿಡಿದಾಕಿ ಏಳಲಿಲ್ಲ."

ಶಾಂತವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತೆಗಿಂತ ಜೋರಾಗಿ ಅತ್ತಳು. ಗಿರಿಜಾ ಕಾದಂಬರಿಯ ಎರಡನೇ ತಲೆಮಾರಿನವಳೆಂದು ನಾನು ಹೇಳಿದಾಗ ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ಆಕೆ ಮೂಗೊರೆಸಿಕೊಂಡು, "ಇದ್ರೂ ಇರಲಿ ಬಿಡ್ರಿ. ತಪ್ಪು ಆ ಹುಡುಗಂದಽ" ಎಂದು ತೀರ್ಪು ಕೊಟ್ಟು ಹೋದಳು!

ಇನ್ನೊಮ್ಮೆ ಊಟದ ಹೊತ್ತಿಗೆ ಅತ್ತೆ ನನ್ನನ್ನೇ ಹಿಡಿದುಕೊಂಡರು. "ನೀ ಪ್ರೀತಿ ಮಾಡಿದ್ದು ಯಾವಾಗೋ?"

"ಮದವಿ ಆದಮ್ಯಾಲೆ ಅತ್ತಿ" ಎಂದೆ ಬಹಳ ಸಭ್ಯನಾಗಿ.

ಪಲ್ಯ ಬಡಿಸುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ ಕೇಳಿದಳು: "ಯಾರನ್ನ?"

ಹೀಗೆ ಪ್ರೀತಿಯ ಬರ ಬಿದ್ದ ಮನೆಯಲ್ಲಿ ಮೊನ್ನೆ ನನ್ನ ಮಗಳು ಬಾಂಬು ಹಾಕಿದಳು. ಅವಳು ರಾಣೆಬೆನ್ನೂರಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಾಳೆ. ಹಲಗೇರಿಯಲ್ಲಿ ತರಕಾರಿ ಸಸಿಗಳನ್ನು ಬೆಳೆಸಿ ಮಾರುವ ಹುಡುಗನೊಬ್ಬನನ್ನು ಮೆಚ್ಚಿದ್ದಾಳಂತೆ. ಮದುವೆಯಾದರೆ ಅವನನ್ನೇ, ಇಲ್ಲದಿದ್ದರೆ ಯಾರನ್ನೂ ಇಲ್ಲವಂತೆ.

"ಅವರ ಮಂದಿ ಬ್ಯಾರೆ, ನಮ್ಮ ಮಂದಿ ಬ್ಯಾರೆ. ಈ ಮನಿತನದಾಗ ಇದು ಆಗೂದಿಲ್ಲ" ಎಂದರು ಅಪ್ಪ. ನಾನು ಎಂದಿನಂತೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಮಗಳು ತಟ್ಟೆ ಬಿಟ್ಟು ಎದ್ದಳು.

ಆಗ ಅತ್ತೆ ಕನ್ನಡಕ ತೆಗೆದಿಟ್ಟರು. "ಅಣ್ಣಾ, ಮೊದಲನೇ ತಲೆಮಾರಿನವರು ಹಿಂಗ ಬ್ಯಾಡ ಅಂದಿದ್ದಕ್ಕನ ಆ ಕಾದಂಬರಿಗೋಳು ಅಷ್ಟು ದಪ್ಪ ಆಗ್ಯಾವು. ಹೂಂ ಅಂದಿದ್ರ ಹತ್ತ ಪುಟಕ್ಕ ಮುಗೀತಿದ್ವು!"

"ಪುಸ್ತಕದ ಮಾತು ಬ್ಯಾರೆ, ಮನಿ ಮಾತು ಬ್ಯಾರೆ" ಎಂದು ಅಪ್ಪ ರೇಗಿದರು.

"ಖರೇ ಐತಿ. ಪುಸ್ತಕದಾಗ ಕಡೀಕರ ಯಾರರ ಹೂಂ ಅಂತಾರ."

ರೊಟ್ಟಿ ಮುರಿಯುತ್ತಿದ್ದ ಅಪ್ಪನ ಕೈ ನಿಂತಿತು. ಅವರು ತಂಗಿಯ ಮುಖ ನೋಡಲಿಲ್ಲ. ಮರುದಿನ ಚಹಾ ಕುಡಿಯುವಾಗ, ಯಾರೂ ಕೇಳದೆ, "ಹಲಗೇರಿಗೆ ಹೋಗಿ ಬರ್ರಿ. ಅತ್ತೀನ್ನ ಕರಕೊಂಡ ಹೋಗ್ರಿ" ಎಂದರು. ಅಪ್ಪ ಇಷ್ಟು ಬೇಗ ಸೋತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಹಲಗೇರಿಯಲ್ಲಿ ಹುಡುಗನ ಪರೀಕ್ಷೆ ನಡೆಸಿದ್ದು ಅತ್ತೆಯೇ. "ಬಿಟ್ಟು ಓಡಿ ಹೋಗೂ ಪೈಕಿ ಏನಪಾ ನೀ?"

"ಇಲ್ಲರಿ ಅಜ್ಜಿ. ಸಸಿಗೆ ದಿನಾ ನೀರು ಬಿಡಬೇಕರಿ, ಎಲ್ಲೀನೂ ಹೋಗಾಕ ಆಗೂದಿಲ್ಲ" ಎಂದ ಹುಡುಗ. ಅತ್ತೆ ಮನಸಾರೆ ನಕ್ಕರು. ಅಲ್ಲಿಗೆ ಅವನು ಪಾಸು!

ಮಾತೆಲ್ಲ ಮುಗಿದು ನಾವು ಏಳುವ ಹೊತ್ತಿಗೆ ಅತ್ತೆ ಹುಡುಗನ ಅಜ್ಜಿಯ ಹತ್ತಿರ ಸರಿದು ಮೆಲ್ಲಗೆ ಕೇಳಿದರು: "ಬ್ಯಾಡಗಿ ಕಡೆ ನಿಮ್ಮ ಬೀಗರು, ಬಳಗದವರು ಯಾರರ ಅದಾರೇನ್ರಿ? ಮೆಣಸಿನಕಾಯಿ ವ್ಯಾಪಾರದವರು?"

"ಇಲ್ರಿ ಯವ್ವಾ. ಬ್ಯಾಡಗಿ ಕಡೆ ನಮಗ ಯಾರೂ ಇಲ್ಲ."

"ಹೌದೇನ್ರಿ" ಎಂದರು ಅತ್ತೆ. ಖಾಲಿ ಚಹಾ ಕಪ್ಪನ್ನು ಇನ್ನೊಮ್ಮೆ ತುಟಿಗೆ ಹಚ್ಚಿದರು.

ಕಾರು ರಾಣೆಬೆನ್ನೂರು ದಾಟಿದ ಮೇಲೆ, ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಕಾದಂಬರಿ ಆಗಿದ್ರ ಈ ಹುಡುಗ ಅವರ ಮೊಮ್ಮಗನ ಆಗಿರತಿದ್ದ."

"ಯಾರ ಮೊಮ್ಮಗ, ಅತ್ತಿ?"

ಹಿಂದಿನ ಸೀಟಿನಲ್ಲಿ ಮಾತಾಡಿಕೊಳ್ಳುತ್ತಿದ್ದ ಹೆಂಡತಿ, ಮಗಳು ಮುಂದಕ್ಕೆ ಬಾಗಿದರು.

"ನನ್ನ ಮೊದಲನೇ ನೌಕರಿ ಬ್ಯಾಡಗಿಯೊಳಗ ಇತ್ತು. ಸಾಲಿ ಎದುರಿಗೆ ಅವರ ಮೆಣಸಿನಕಾಯಿ ಅಂಗಡಿ. ವಾರಕ್ಕೊಂದು ಕಾದಂಬರಿ ತಂದು ಕೊಡತಿದ್ರು. ಲಗೂ ಮುಗಸ್ರಿ ಟೀಚರ, ಮಾತಾಡಾಕ ಬೇಕು ಅಂತಿದ್ರು. ಮನೀಗೆ ಬಂದು ಹೆಣ್ಣು ಕೇಳಿದ್ರು. ನಿಮ್ಮಜ್ಜ ಬಾಗಿಲದಾಗಿಂದನ ಹೊಳ್ಳಿ ಕಳಿಸಿದ. ನನ್ನ ಅಗಡಿಗೆ ವರ್ಗಾ ಮಾಡಿಸಿದ."

"ನಮ್ಮಪ್ಪಗ ಗೊತ್ತಿತ್ತೇನು?"

"ಅಂವಾನೂ ಬಾಗಿಲದಾಗನ ನಿಂತಿದ್ದ. ಏನೂ ಅನ್ನಲಿಲ್ಲ."

ಮೋಟೆಬೆನ್ನೂರು ಬಂತು. ಬ್ಯಾಡಗಿಗೆ ತಿರುಗುವ ಹಾದಿ ಕಂಡೊಡನೆ ಅತ್ತೆ, "ಸ್ವಲ್ಪ ನಿಲ್ಲಸು" ಎಂದರು. ಗಾಜು ಇಳಿಸಿದರು. ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು ತೆಳುವಾಗಿತ್ತು.

"ಹೋಗೋಣೇನ್ ಅತ್ತಿ? ಇಲ್ಲೇ ಐತಲ್ಲ."

ಅತ್ತೆ ಬಹಳ ಹೊತ್ತು ಆ ಹಾದಿಯನ್ನೇ ನೋಡಿದರು. "ಬ್ಯಾಡೋ. ಹೋಗಿ ಕೇಳಿದ್ರ, ಅವರು ಇಲ್ಲ ಅಂತ ಯಾರರ ಹೇಳಿಬಿಟ್ರ? ಕೇಳೂತನಕ ಅವರು ಅದಾರ."

ಬ್ಯಾಡಗಿ ಕಡೆಯಿಂದ ಬಸ್ಸೊಂದು ಬಂದು ನಮ್ಮ ಮುಂದೆ ನಿಂತಿತು. ಇಳಿದವರನ್ನೆಲ್ಲ ಅತ್ತೆ ಒಬ್ಬೊಬ್ಬರನ್ನಾಗಿ ನೋಡಿದರು. ಕೋಲೂರಿಕೊಂಡು ಕೊನೆಗೆ ಇಳಿದ ಮುದುಕರೊಬ್ಬರನ್ನು ತುಸು ಹೆಚ್ಚೇ ಹೊತ್ತು ನೋಡಿದರು. ಬಸ್ಸು ಹೋಯಿತು. ಅತ್ತೆ ಸೆರಗು ಸರಿಮಾಡಿಕೊಂಡು, "ನಡಿ" ಎಂದರು.