ಪಿಸುಮಾತಿನ ದರಪಟ್ಟಿ

ಬರೆದಿಟ್ಟ ದರವನ್ನು ಓದಿ, ಅಷ್ಟೇ ಹಣ ತೆತ್ತು, ಮರುಮಾತಿಲ್ಲದೆ ಮನೆಗೆ ನಡೆದ ದಿನವೊಂದು ನಿಮ್ಮ ಬಾಳಿನಲ್ಲಿ ಇದೆಯೇ? ಇಲ್ಲವೆಂದಾದರೆ ತಿಲಕರಾಜ ಧೀರನ ಪಾಡಿಗೆ ನೀವೂ ಹೊಣೆ.

ಲುಧಿಯಾನದ ಸೈಕಲ್ ಬಿಡಿಭಾಗಗಳ ಪೇಟೆಯಲ್ಲಿ, ಲಾಲಾ ಹರಿಕಿಶನ್ ಸೂದರ ಮಳಿಗೆಯಲ್ಲಿ, ಅವನಿಗೆ ಹತ್ತೊಂಬತ್ತು ವರ್ಷಗಳಿಂದ ಒಂದೇ ಕೆಲಸ: ಅಚ್ಚಾದ ದರಪಟ್ಟಿಯನ್ನು ಗಿರಾಕಿಯ ಕೈಗಿತ್ತು, ಅದರಲ್ಲಿ ಎಷ್ಟು ಕಡಿತವೆಂಬುದನ್ನು ಕಿವಿಯಲ್ಲಿ ಉಸುರುವುದು. ಆ ಕಡಿತ ತನಗೊಬ್ಬನಿಗೇ ಎಂದು ಪ್ರತಿಯೊಬ್ಬನೂ ಹಿಗ್ಗುತ್ತಿದ್ದನು. ಈ ಸುಳ್ಳಿಗೆ ಬೇಸತ್ತ ತಿಲಕರಾಜ ಮೂರು ಸಾವಿರ ಭಾಗಗಳ ನಿಜವಾದ ದರವನ್ನು ಮೊಬೈಲಿಗೆ ಇಳಿಸಿ, ‘ಎಲ್ಲರಿಗೂ ಒಂದೇ ದರ’ ಎಂದು ಬರೆದು, ಎಪ್ಪತ್ತು ಅಂಗಡಿಗಳಿಗೆ ಕಳುಹಿಸಿದನು.

“ನಿನ್ನ ಮಾತು ನಂಬಿ ಅಚ್ಚು ಹಾಕಿಸೋದನ್ನೇ ನಿಲ್ಲಿಸಿದ್ದೀನಿ,” ಎಂದರು ಲಾಲಾ. “ಸಂಜೆಯೊಳಗೆ ಆರ್ಡರ್ ಬರಲಿಲ್ವೋ, ನಾಳೆಯಿಂದ ನೀನೂ ಬರ್ಬೇಡ.”

ಹೊರಗೆ ಚಳಿಗಾಲದ ಮಂಜು. ಬೀದಿಯೇ ನೆಲ ಬಿಟ್ಟು ತೇಲುತ್ತಿತ್ತು. ತೂಗುಹಾಕಿದ ರಿಮ್ಮುಗಳು ಸಾಲುಚಂದ್ರರಂತೆ ಮಿನುಗುತ್ತಿದ್ದವು. ಪೆಡಲುಗಳೆಲ್ಲ ಬೆಳ್ಳಕ್ಕಿಗಳಾಗಿ, ತಮ್ಮ ತಮ್ಮ ದರವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಮೆಲ್ಲನೆ ಹಾರಿಹೋಗುವುದನ್ನು ತಿಲಕರಾಜ ಕಣ್ತೆರೆದೇ ಕಂಡನು. ಆಗ ಫೋನು ಬಡಿದುಕೊಂಡಿತು. ಮೋಗಾದ ಅಂಗಡಿಯ ಬಲಕಾರ್ ಸಿಂಗ್.

“ಎಷ್ಟು ಕಡಿಮೆ ಮಾಡ್ತೀಯ?”

“ಕಡಿಮೆ ಮಾಡಿಯೇ ಹಾಕಿರೋದು, ಅಣ್ಣಾ. ಎಲ್ಲರಿಗೂ ಅದೇ ದರ.”

“ಎಲ್ಲರಿಗೂ? ನಾನೂ ಎಲ್ಲರೂ ಒಂದೇನಾ? ನಿನ್ನ ಮದುವೇಲಿ ಕುಣಿದು ಕಾಲು ಉಳುಕಿಸಿಕೊಂಡವನು ಕಣಯ್ಯಾ ನಾನು!”

ಮೂರು ಗಂಟೆಯ ಹೊತ್ತಿಗೆ ನಲವತ್ತು ಮಂದಿ ಮುನಿದಿದ್ದರು. ಆರ್ಡರ್ ಒಂದೂ ಇಲ್ಲ. ಪಕ್ಕದಲ್ಲಿ ಸೀಟು ಮಾರುವ ಉಜಾಗರ್ ಸಿಂಗ್ ಕಡಲೆಕಾಯಿ ಸುಲಿಯುತ್ತ ಒಳಬಂದನು.

“ಬಾದಶಾಹೋ, ಪೆಡಲ್ ಜೊತೆ ಒಂಚೂರು ಗುಟ್ಟೂ ಕಟ್ಟಿಕೊಡ್ಬೇಕು! ದರ ದುಪ್ಪಟ್ಟು ಮಾಡು. ‘ನಿಮಗೊಬ್ಬರಿಗೇ ಅರ್ಧ ಕಡಿತ, ಯಾರಿಗೂ ಹೇಳ್ಬೇಡಿ’ ಅಂತ ಒಬ್ಬೊಬ್ಬರಿಗೂ ಬೇರೆಬೇರೆ ಕಳಿಸು.”

ತಿಲಕರಾಜನ ಅಂತಃಸಾಕ್ಷಿ ಬ್ರೇಕಿಲ್ಲದ ಸೈಕಲಿನಂತೆ ಇಳಿಜಾರು ಹಿಡಿಯಿತು. ಕಣ್ಣುಮುಚ್ಚಿ ಗುಂಡಿ ಒತ್ತಿದನು. ಗಿರಾಕಿ ತೆರಬೇಕಾದ ಹಣ ಒಂದು ಪೈಸೆಯೂ ಬದಲಾಗಿರಲಿಲ್ಲ. ಆದರೂ ಫೋನು ಸೀಸೆಯೊಳಗಿನ ದುಂಬಿಯಂತೆ ಗುಂಯ್‌ಗುಟ್ಟತೊಡಗಿ, ಬಾಗಿಲು ಹಾಕುವ ಹೊತ್ತಿಗೆ ಎಪ್ಪತ್ತು ಅಂಗಡಿಗಳ ಆರ್ಡರೂ ಬಂದುಬಿಟ್ಟಿತು!

ಲಾಲಾ ಅವನನ್ನು ಅಪ್ಪಿಕೊಂಡು ಬಾಯಿಗೊಂದು ಪಿನ್ನಿ ಉಂಡೆ ತುರುಕಿದರು.

“ಭೇಷ್, ಪುತ್ತರ್! ಹತ್ತೊಂಬತ್ತು ವರ್ಷ ನಿನಗೆ ಸಂಬಳ ಕೊಟ್ಟಿದ್ದು ಕಿವೀಲಿ ಹೇಳೋಕೆ ತಾನೆ? ಈಗ ಫೋನೇ ಎಪ್ಪತ್ತು ಕಿವೀಲೂ ಒಂದೇ ಸಲ ಹೇಳ್ತಲ್ಲ, ಅದೂ ಚಹಾ ಕೇಳದೆ! ನಾಳೆಯಿಂದ ಹಾಯಾಗಿ ಮನೇಲಿರು.”

ತಿಲಕರಾಜ ಬಾಯ್ತುಂಬ ಇದ್ದ ಪಿನ್ನಿಯನ್ನು ಮೆಲ್ಲುತ್ತಲೇ ಮಂಜಿನೊಳಗೆ ಕರಗಿಹೋದನು.

ಮೂರು ಸಾವಿರ ಭಾಗಗಳ ನಿಜವಾದ ದರ ಬಾಯಿಪಾಠವಿರುವ ಈ ಮನುಷ್ಯನಿಗೆ ತಕ್ಕ ಕೆಲಸ ನಿಮ್ಮಲ್ಲಿದ್ದರೆ, ದಯಮಾಡಿ ಇಂದೇ ಹೇಳಿಕಳುಹಿಸಿ. ಸಂಬಳ ಇಷ್ಟೆಂದು ಅವನು ಹೇಳಿದಾಗ ಚೌಕಾಸಿ ಮಾತ್ರ ಮಾಡಬೇಡಿ.