ಫ್ರಿಜ್ಜಿಗೆ ಅಂಟಿಸಿದ ರಸಾಯನಶಾಸ್ತ್ರ

ಕಾಲೇಜು ದಿನಗಳ ಒಂದು ಆಗಸ್ಟ್ ಹನ್ನೆರಡು. ಧಾರವಾಡದ ಹಾಸ್ಟೆಲಿನಲ್ಲಿ ಬರೆದ ನನ್ನ ದಿನಚರಿ ಹೀಗಿದೆ: 'ಇಂದು ಲ್ಯಾಬಿನಲ್ಲಿ ಸೆರಗು ಮೂರು ಕಡೆ ತೂತಾಯಿತು. ಆಸಿಡ್ ನನ್ನದು, ತಪ್ಪು ಪಕ್ಕದವಳದು.' ಬಿ.ಎಸ್ಸಿ. ಮುಗಿಸಿ, ಪುಣೆಗೆ ಬಂದು, ಮೊಮ್ಮಗಳನ್ನು ಕಂಡರೂ ಸಾವಯವ ರಸಾಯನಶಾಸ್ತ್ರ ನನ್ನನ್ನು ಬಿಟ್ಟಿಲ್ಲ. ಏನಾದರೊಂದು ನಡೆಯುತ್ತಲೇ ಇರುತ್ತದೆ. ಈ ವರ್ಷ ಹನ್ನೆರಡನೆಯ ತರಗತಿಯ ಮೊಮ್ಮಗಳು ಅದರಲ್ಲೇ ಫೇಲಾದಳು. ಮರುಪರೀಕ್ಷೆಯೂ ಹೋದರೆ ಒಂದು ವರ್ಷವೇ ಹೋಗುತ್ತದೆ. ಟ್ಯೂಷನ್ ಬೇಡ, ನಾನಿದ್ದೇನೆ ಎಂದೆ.

೧. ಕೋಕಮ್ ಶರಬತ್ತು

ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ನೀರಿಗೆ ಶೇಂಗಾ ಎಣ್ಣೆ ಹಾಕಿ ಕುಲುಕಿದರೆ ನೇರಳೆ ಹೋಗಿ ಕಂದು ಬರಬೇಕು. ಆ ನೀರನ್ನು ಗಾಜಿನ ಲೋಟದಲ್ಲಿಟ್ಟು ಎಣ್ಣೆ ತರಲು ಹೋದೆ. ವಾಕಿಂಗ್ ಮುಗಿಸಿ ಬಂದ ನಮ್ಮವರು ಲೋಟ ಎತ್ತಿದರು. ಮೊಮ್ಮಗಳು ಕಸಿದುಕೊಂಡಳು.

"ಕೋಕಮ್ ಶರಬತ್ ಅಲ್ಲೇನು?"

"ಅಲ್ಲ ಅಜ್ಜಾ, ಪ್ರಾಕ್ಟಿಕಲ್."

ಎಣ್ಣೆ ಹಾಕಿ ಕುಲುಕಿದೆವು. ಕಂದು ಬಂತು. ನಾನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರೆ ಇವರು ಇಣುಕಿ ನೋಡಿ, "ಈಗ ಚಹಾ ಆತಲ್ಲ, ಈಗರ ಕೊಡು" ಎಂದರು.

೨. ಮನೆಮಂದಿಯ ಪಟ್ಟಿ

ಪಿಸಿಸಿ ಎಂಬ ಸೌಮ್ಯ ಕಾರಕ, ಅಂದರೆ ರಿಯೇಜೆಂಟು, ಆಲ್ಕೋಹಾಲನ್ನು ಆಲ್ಡಿಹೈಡಿಗೆ ತಂದು ನಿಲ್ಲಿಸುತ್ತದೆ. ಪರ್ಮಾಂಗನೇಟು ಹುಳಿ ಆಮ್ಲ ಆಗುವವರೆಗೂ ಬಿಡುವುದಿಲ್ಲ. ಮೊಮ್ಮಗಳಿಗೆ ಎಷ್ಟು ಹೇಳಿದರೂ ಇವೆರಡು ಅದಲುಬದಲು.

"ಮನಿ ಮಂದೀನ ನೆನಸು," ಎಂದೆ. "ಅಜ್ಜ ಅರ್ಧಾ ಮಾತಾಡಿ ಬಾಲ್ಕನಿಗೆ ಹೋಗ್ತಾರ, ಅವರು ಪಿಸಿಸಿ. ನಿಗಡಿ ಅಜ್ಜಿ ಹಿಡದ ಮಾತು ಹುಳಿ ಆಗೂತನಕ ಬಿಡೂದಿಲ್ಲ, ಆಕಿ ಪರ್ಮಾಂಗನೇಟ್."

ನಿಗಡಿ ಅಜ್ಜಿ ಎಂದರೆ ಪುಣೆಯದೇ ನಿಗಡಿ ಬಡಾವಣೆಯಲ್ಲಿರುವ ನನ್ನ ನಾದಿನಿ. ಮೊಮ್ಮಗಳು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಕಾರಣ ಬರೆಯಲಿಲ್ಲ, ಅಷ್ಟು ಬುದ್ಧಿ ನಮಗಿತ್ತು. ಅರಿಶಿನ ಕುಂಕುಮಕ್ಕೆ ಬಂದ ನಾದಿನಿಯ ಕಣ್ಣಿಗೆ ಅದು ಬಿತ್ತು.

"ವೈನಿ, ಇಲ್ಲಿ ನನ್ನ ಹೆಸರು ಯಾಕದ?"

"ಅದು ಭಾಳ ಸ್ಟ್ರಾಂಗ್ ಕೆಮಿಕಲ್, ಅಜ್ಜಿ," ಎಂದಳು ಮೊಮ್ಮಗಳು.

"ಮತ್ತ ನಮ್ಮಣ್ಣ?"

"ಅಜ್ಜ ಮೈಲ್ಡ್."

"ಅದು ಖರೇ ಅದ," ಎಂದ ನಾದಿನಿ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದಳು.

೩. ಮೌಖಿಕ ಪರೀಕ್ಷೆ

ಮರುಪರೀಕ್ಷೆಯ ಮೌಖಿಕದಲ್ಲಿ ಪರೀಕ್ಷಕರು ಅದನ್ನೇ ಕೇಳಿದರು: ಆಲ್ಡಿಹೈಡಿಗೆ ನಿಲ್ಲಿಸುವ ಕಾರಕ ಯಾವುದು? ಹೆದರಿದ ಮೊಮ್ಮಗಳು "ಅಜ್ಜ" ಎಂದುಬಿಟ್ಟಳು. ಆಮ್ಲದವರೆಗೆ ಒಯ್ಯುವುದು? "ನಿಗಡಿ ಅಜ್ಜಿ."

ಪರೀಕ್ಷಕರು ಪೆನ್ನು ಕೆಳಗಿಟ್ಟರು. ಅವರು ಸೊಲ್ಲಾಪುರದ ಕಡೆಯವರಂತೆ, 'ಅಜ್ಜ' ಎಂದದ್ದು ಕೇಳಿ ಕನ್ನಡಕ್ಕೇ ತಿರುಗಿದರು.

"ಯಾಕ, ಹುಳಿ ಆಗೂತನಕ ಬಿಡೂದಿಲ್ಲೇನು?"

"ಹೌದ್ರಿ ಸರ್."

"ನಮ್ಮನ್ಯಾಗ ಅದು ನಮ್ಮತ್ತಿ. ಈಗ ಕಾರಕದ ಹೆಸರು ಹೇಳವಾ."

ಎರಡನ್ನೂ ಸರಿಯಾಗಿ ಹೇಳಿದಳು. ಮೌಖಿಕ ಪಾಸು. ಖುಷಿಯಲ್ಲಿ ಕಾಲೇಜಿನ ಗೇಟಿನಿಂದಲೇ ಫೋನು ಮಾಡಿ ಒಂದಕ್ಷರ ಬಿಡದೆ ಹೇಳಿದಳು. ನಾನು ಸ್ಪೀಕರಿನಲ್ಲಿಟ್ಟಿದ್ದೆ. ನಾದಿನಿ ಎದುರಿಗೇ ಕೂತಿದ್ದಳು.

ವಹಿಯಲ್ಲಿ ಹೀಗೆ ಬರೆದಿದ್ದೇನೆ: ಉಳಿದದ್ದು, ಮರುಪರೀಕ್ಷೆ ಪೂರ್ತಿ ಪಾಸಾದ ಮೊಮ್ಮಗಳ ಒಂದು ವರ್ಷ. ಹೋದದ್ದು, ಕಲೆ ಬಿಡದ ಗಾಜಿನ ಲೋಟ ಒಂದು. ನಾದಿನಿ ಹನ್ನೊಂದು ದಿನ ಮಾತು ಬಿಟ್ಟಳು. ಹನ್ನೆರಡನೆಯ ದಿನ ಬಂದು ಅದೇ ವಿಷಯ ತೆಗೆದಳು. ಇವರು ಬಾಲ್ಕನಿಗೆ ಹೋದರು. ಅವಳು ಇನ್ನೂ ನಿಲ್ಲಿಸಿಲ್ಲ.