ವಾಯುಮಾರ್ಗದಲ್ಲಿ ಚಿಂತಾಮಣಿ

ನನ್ನ ಹೆಂಡತಿ ರಾಮಲಕ್ಷ್ಮಮ್ಮನಿಗೆ ಭೂಗೋಳ ಬರುವುದಿಲ್ಲ ಎಂದು ಮದುವೆಯಾದ ಹದಿನೆಂಟು ವರ್ಷ ನಾನು ಮನಸಾರೆ ನಂಬಿದ್ದೆ. ಗೌರಿಬಿದನೂರಿನಿಂದ ಅವಳ ತವರೂರು ಚಿಂತಾಮಣಿ ಎಷ್ಟು ದೂರ ಎಂದು ಕೇಳಿದರೆ, "ಒಂದು ನಿದ್ದೆ, ಚಿಕ್ಕಬಳ್ಳಾಪುರದಲ್ಲಿ ಒಂದು ಕಾಫಿ, ಆಮೇಲೆ ಇನ್ನರ್ಧ ನಿದ್ದೆ" ಎನ್ನುತ್ತಿದ್ದಳು. (ಇದೂ ಒಂದು ಅಳತೆಯೇ?)

ನಾನಾದರೋ ಊರ ಪಕ್ಕದ ಕುಡುಮಲಕುಂಟೆಯ ಕಾರ್ಖಾನೆಯೊಂದರ ಹಿರಿಯ ಗುಮಾಸ್ತ. ೧೯೮೭ರಲ್ಲಿ ನನಗೆ ಸಿಕ್ಕಿದ ಡೈರಿಯ ಕೊನೆಯಲ್ಲಿ ದೊಡ್ಡ ದೊಡ್ಡ ನಗರಗಳ ದೂರದ ಪಟ್ಟಿಯಿತ್ತು: ವಾಯುಮಾರ್ಗದಲ್ಲಿ ಇಷ್ಟು, ರಸ್ತೆಯಲ್ಲಿ ಇಷ್ಟು. ನಮ್ಮ ಊರುಗಳಿಗೆ ಮಾತ್ರ ಆ ಗೌರವವಿರಲಿಲ್ಲ. ಈ ಘೋರ ಅನ್ಯಾಯವನ್ನು ಸರಿಪಡಿಸಲು ಜಿಲ್ಲೆಯ ನಕ್ಷೆ ಹಾಸಿ, ಸ್ಕೇಲಿಟ್ಟು ಗೆರೆ ಎಳೆದೆ. ಚಿಂತಾಮಣಿ ಬರೀ ಅರವತ್ತೆರಡು ಕಿಲೋಮೀಟರ್!

ಅದೇ ಶುಕ್ರವಾರ ಅವಳ ತಮ್ಮ ಆವುಲಪ್ಪನ ಮಗಳಿಗೆ ನಾಮಕರಣ.

"ಆರು ಗಂಟೆ ಬಸ್ಸಿಗೇ ಹೋಗಣ ಕಣ್ರೀ. ಹತ್ತೂವರೆಗೆ ರಾಹುಕಾಲ. ಮಗು ಕಿವೀಲಿ ಹೆಸರು ಹೇಳಬೇಕಾದೋಳು ಸೋದರತ್ತೆ. ನಾನಿಲ್ಲ ಅಂದ್ರೆ ಅವನ ಹೆಂಡ್ತಿ ಕಡೆಯೋರು ಪಿಂಕಿ ಅಂತ ಇಟ್ಟುಬಿಡ್ತಾರೆ. ನಮ್ಮಮ್ಮ ಗಂಗುಲಮ್ಮನ ಹೆಸರು ಅಲ್ಲಿಗೆ ಮುಗೀತು."

"ಗಂಟೆಗೆ ನಲವತ್ತು ಅಂದ್ರೂ ಒಂದೂವರೆ ಗಂಟೆ ಸಾಕು ಕಣೇ. ಏಳೂಮುಕ್ಕಾಲರ ಬಸ್ಸು ಹತ್ತಿದ್ರೆ ಒಂಬತ್ತೂಕಾಲಿಗೆ ತೊಟ್ಟಿಲು ತೂಗ್ತಿರ್ತೀಯ."

"ಯಾರಪ್ಪಾ ಹೇಳಿದ್ದು?"

"ನಕ್ಷೆ."

ನಕ್ಷೆಯ ಮೇಲಿನ ಗೆರೆ ನೆಟ್ಟಗಿತ್ತು. ಬಸ್ಸಿನ ಡ್ರೈವರು ಮಾತ್ರ ಆ ಗೆರೆಯನ್ನು ಕಂಡವನೇ ಅಲ್ಲ. ಮಂಚೇನಹಳ್ಳಿಯಲ್ಲಿ ರೇಷ್ಮೆಗೂಡಿನ ಹನ್ನೊಂದು ಮೂಟೆಗಳು ಟಾಪ್ ಏರಿದವು. ಬೆಟ್ಟ ಕಂಡಲ್ಲೆಲ್ಲ ಬಸ್ಸು ಸುತ್ತಿಕೊಂಡು ಹೋಯಿತು. ಚಿಕ್ಕಬಳ್ಳಾಪುರದಲ್ಲಿ ಡ್ರೈವರು ದೋಸೆಗೆಂದು ಇಳಿದುಹೋದ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಮುಟ್ಟಿದಾಗ ಒಂಬತ್ತೂ ನಲವತ್ತು. ಈಗ ಆ ಹನ್ನೊಂದು ಮೂಟೆಗಳೂ ಒಂದೊಂದಾಗಿ ಇಳಿಯಬೇಕಿತ್ತು.

"ಎಲ್ರೀ ನಿಮ್ಮ ಒಂಬತ್ತೂಕಾಲು?"

"ಬೆಟ್ಟಗಳನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ" ಎಂದು ನಾನು ಗಾಂಭೀರ್ಯದಿಂದ ಒಪ್ಪಿಕೊಂಡೆ.

ಅಷ್ಟರಲ್ಲಿ ಕಿಟಕಿಯ ಹೊರಗೆ ಒಂದು ಟೆಂಪೋ ನಿಂತಿತು. ಆವುಲಪ್ಪನ ಪಕ್ಕದ ಮನೆಯ ತಾಜ್ ಪಾಷಾ!

"ರಾಮಲಕ್ಷ್ಮಕ್ಕಾ! ಇನ್ನೂ ಇಲ್ಲೇ ಇದೀರಾ? ಅಲ್ಲಿ ತೊಟ್ಟಿಲು ಕಟ್ಟಿ ಎಲ್ಲಾರೂ ನಿಮ್ಮನ್ನೇ ಕಾಯ್ತಾವ್ರೆ. ಗೂಡು ಕೊಂಡ್ಕೊಂಡು ವಾಪಸ್ ಊರಿಗೇ ಹೊರಟಿದೀನಿ. ಬನ್ನಿ ಬನ್ನಿ, ಮುಂದೆ ಒಂದು ಸೀಟೈತೆ."

"ಒಂದೇನಾ?" ಎಂದೆ ನಾನು.

"ಹಿಂದೆ ಗೂಡಿನ ಮೂಟೆ ಐತೆ ಸಾರ್. ಅದರ ಮೇಲೆ ನೀವು ಕೂತ್ರೆ ಒಳಗಿನ ಹುಳ ಎಲ್ಲಾ ಅಪ್ಪಚ್ಚಿ."

ನನ್ನ ಉತ್ತರಕ್ಕೆ ಕಾಯದೆ ಅವಳು ಸೆರಗು ಸಿಕ್ಕಿಸಿಕೊಂಡು ಇಳಿದೇಬಿಟ್ಟಳು. "ಬುಟ್ಟಿ ಜೋಪಾನ, ಒಬ್ಬಟ್ಟು ನಲುಗದಂಗೆ ತಗೊಂಡ್ ಬನ್ನಿ" ಎಂಬ ಆಜ್ಞೆ ಧೂಳಿನ ನಡುವಿನಿಂದ ತೇಲಿಬಂತು.

ನಾನು ಒಬ್ಬಟ್ಟಿನ ಬುಟ್ಟಿ ಹೊತ್ತು ಆವುಲಪ್ಪನ ಮನೆ ಮುಟ್ಟಿದಾಗ ಹನ್ನೊಂದೂವರೆ. ಮೊದಲ ಪಂಕ್ತಿ ಎದ್ದಾಗಿತ್ತು. ಹತ್ತೂ ಇಪ್ಪತ್ತೈದಕ್ಕೆ ಹೆಸರು ಕೇಳಿಸಿಕೊಂಡ ಪುಟ್ಟ ಗಂಗುಲಮ್ಮ ತೊಟ್ಟಿಲಲ್ಲಿ ನಿದ್ದೆ ಹೋಗಿದ್ದಳು. ನನ್ನವಳು ಪಕ್ಕದಲ್ಲಿ ಕೂತು ಮಹಾರಾಣಿಯ ಹಾಗೆ ಎಲೆಯಡಿಕೆ ಮೆಲ್ಲುತ್ತಿದ್ದಳು.

ಹೆಣ್ಣು ಕೊಟ್ಟ ಮನೆಯ ಹಿರಿಯಳಿಯ ನಾನು! ಎದೆ ಉಬ್ಬಿಸಿ ಕೇಳಿದೆ: "ಅಲ್ವೇ, ನಾನು ಬರೋವರೆಗಾದ್ರೂ ಕಾಯಬಾರದಾಗಿತ್ತಾ?"

"ಏತಕ್ಕೆ? ಹೆಸರು ಹೇಳೋಳು ಅತ್ತೆ, ಕೇಳೋದು ಮಗು. ಮಧ್ಯದಲ್ಲಿ ನಿಮಗೇನ್ ಕೆಲಸ?"